ಮೂರು ವರ್ಷದ ಮಗಳ ಜೊತೆ ಮಾಡಿದ ಮಣ್ಣೆತ್ತು ಒಣಗುವಾಗ ಸೀಳುತ್ತದೆ, ಕಾಲು ಉದುರುತ್ತವೆ. ಏಕೆ? (ವಿಜಯಪುರ)

ತಪ್ಪು ಮಣ್ಣಿನದು. ನಮ್ಮ ಕಡೆಯ ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಅಷ್ಟೇ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲ ಬಾಯಿ ಬಿಡುವುದೂ ಇದಕ್ಕೇ. ಮಣ್ಣೆತ್ತಿನ ಅಮಾವಾಸ್ಯೆಗೆ ಮೂರ್ನಾಲ್ಕು ದಿನ ಮೊದಲೇ ಮಣ್ಣು ಸಾಣಿಸಿ, ನಾಲ್ಕು ಬಟ್ಟಲಿಗೆ ಒಂದು ಬಟ್ಟಲು ಸಣ್ಣ ಉಸುಕು ಬೆರೆಸಿ ರಾತ್ರಿ ನೆನೆಹಾಕಿ. ಬೆಳಿಗ್ಗೆ ಚಪಾತಿ ಕಣಕದ ಹದಕ್ಕೆ ನಾದಿ. ಕೈಗೆ ಅಂಟಿದರೆ ನೀರು ಹೆಚ್ಚಾಗಿದೆ.

ಕಾಲು ಬೇರೆ ಮಾಡಿ ಅಂಟಿಸಬೇಡಿ. ಒಂದೇ ಉಂಡೆಯಿಂದ ಹೆಬ್ಬೆರಳಿನಷ್ಟು ದಪ್ಪಕ್ಕೆ ಎಳೆಯಿರಿ. ಇದು ನಿಮ್ಮ ಕೆಲಸ, ಮೂರು ವರ್ಷದ ಬೆರಳಿಗೆ ಕಷ್ಟ. ಉಂಡೆ ಕಟ್ಟುವುದು, ಹಾವಿನಂತೆ ಹೊಸೆಯುವುದು ಆ ವಯಸ್ಸಿಗೆ ಬರುತ್ತದೆ. ಹಾಗಾಗಿ ಕೊಂಬು, ಬಾಲ ಅವಳ ಪಾಲು. ಉಂಡೆಯನ್ನು ಹೆಬ್ಬೆರಳಿನಿಂದ ಅದುಮಿದರೆ ಎತ್ತು ಮೇವು ತಿನ್ನುವ ಗ್ವಾದಲಿಯೂ ಆಯಿತು! ಕೊಂಬು ಕೂಡಿಸುವಲ್ಲಿ ಕಡ್ಡಿಯಿಂದ ಗೀರಿ, ರಾಡಿ ಹಚ್ಚಿ ಒತ್ತಿ.

ಕಣ್ಣಿಗೆ ಗುಲಗಂಜಿ ಬೇಡವೇ ಬೇಡ, ಅಗಿದು ನುಂಗಿದರೆ ವಿಷ. ಜೋಳದ ಕಾಳು ಸಾಕು.

ಬಿಸಿಲಿಗೆ ಇಟ್ಟರೆ ಮೇಲ್ಪದರ ಮೊದಲು ಕುಗ್ಗಿ ಸೀಳುತ್ತದೆ. ಮೊದಲ ದಿನ ಒದ್ದೆ ಬಟ್ಟೆ ಹೊದಿಸಿ, ಆಮೇಲೆ ನೆರಳಲ್ಲಿ ಒಣಗಿಸಿ. ಕೂದಲೆಳೆಯ ಬಿರುಕು ಕಂಡರೆ ರಾಡಿ ಸವರುವ ಕೆಲಸ ಅವಳಿಗೇ ಕೊಡಿ.