ಥ್ರಾಟಲ್ ತಿರುವಿದರೂ ಬೈಕ್ ತಡವರಿಸುವುದೇಕೆ?

ಪ್ರಶ್ನೆ: ಮಾನ್ಯರೇ, ನನ್ನದು ಯಮಹಾ ಆರ್15 ವಿ3, ಬಿಎಸ್6 ಮಾದರಿ. ಇದುವರೆಗೆ 38,000 ಕಿಲೋಮೀಟರ್ ಓಡಿದೆ. ಕೆಲಸದ ನಿಮಿತ್ತ ವಾರಕ್ಕೊಮ್ಮೆಯಾದರೂ ತೀರ್ಥಹಳ್ಳಿಯಿಂದ ಆಗುಂಬೆ ಘಾಟಿ ಇಳಿದು ಹೆಬ್ರಿಗೆ ಹೋಗಿಬರುತ್ತೇನೆ. ಘಾಟಿ ಹತ್ತುವಾಗ ಹೇರ್‌ಪಿನ್ ತಿರುವಿನಲ್ಲಿ ಎರಡನೆಯ ಗೇರಿನಲ್ಲಿದ್ದು, ಥ್ರಾಟಲ್ ಮುಚ್ಚಿ ಮತ್ತೆ ತೆರೆದರೆ ಬೈಕ್ ಒಂದು ಕ್ಷಣ ಸುಮ್ಮನಿದ್ದು ಆಮೇಲೆ ಒಮ್ಮೆಲೇ ಎಗರುತ್ತದೆ. ಏರ್‌ಬಾಕ್ಸ್ (ಏರ್ ಫಿಲ್ಟರ್ ಇರುವ ಡಬ್ಬಿ) ಕತ್ತರಿಸಿ ಕೋನ್ ಫಿಲ್ಟರ್ ಹಾಕಿಸು ಎಂದು ಸ್ನೇಹಿತರು ಹೇಳುತ್ತಾರೆ. ಶಿವಮೊಗ್ಗದ ಮೆಕ್ಯಾನಿಕ್ ಒಬ್ಬರು ದೊಡ್ಡ ಥ್ರಾಟಲ್ ಬಾಡಿ (ಎಂಜಿನ್ನಿಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಭಾಗ) ಮತ್ತು ಕ್ವಿಕ್ ಥ್ರಾಟಲ್ ಹಾಕಿದರೆ ಪಿಕಪ್ ಸುಧಾರಿಸುತ್ತದೆ ಎಂದಿದ್ದಾರೆ. ಯಾವುದನ್ನು ಮಾಡಿಸಲಿ?
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಇವುಗಳಲ್ಲಿ ಯಾವುದನ್ನೂ ಸದ್ಯಕ್ಕೆ ಮಾಡಿಸಬೇಡಿ. ನೀವು ವಿವರಿಸಿರುವುದು ಶಕ್ತಿಯ ಕೊರತೆಯಲ್ಲ. ಮುಚ್ಚಿದ ಥ್ರಾಟಲ್ ತೆರೆದುಕೊಳ್ಳುವ ಮೊದಲ ಕೆಲವು ಡಿಗ್ರಿಗಳಲ್ಲಿ ಆಗುತ್ತಿರುವ ತೊಡಕು. ಇವೆರಡೂ ಬೇರೆ ಬೇರೆ ಸಂಗತಿಗಳು. ಗಾಳಿಯ ದಾರಿಯನ್ನು ಅಗಲಗೊಳಿಸಿದರೆ ಏನಾದರೂ ಲಾಭವಾಗುವುದು ಥ್ರಾಟಲ್ ಪೂರ್ತಿ ತೆರೆದು ಎಂಜಿನ್ ತನ್ನ ಗರಿಷ್ಠ ವೇಗದ ಹತ್ತಿರ ಓಡುವಾಗ ಮಾತ್ರ.

ಒಂದು ಸಣ್ಣ ಲೆಕ್ಕ ನೋಡಿ. ನಿಮ್ಮ ಎಂಜಿನ್ 155 ಸಿಸಿಯದು. ನಾಲ್ಕು ಹೊಡೆತದ ಎಂಜಿನ್ ಎರಡು ಸುತ್ತಿಗೊಮ್ಮೆ ಉಸಿರೆಳೆದುಕೊಳ್ಳುವುದರಿಂದ 10,000 ಆರ್‌ಪಿಎಂನಲ್ಲಿ ಅದು ನಿಮಿಷಕ್ಕೆ ಹೆಚ್ಚೆಂದರೆ 775 ಲೀಟರಿನಷ್ಟು ಗಾಳಿ ಕೇಳುತ್ತದೆ. ಹೇರ್‌ಪಿನ್ ತಿರುವಿನಲ್ಲಿ ನೀವು 4,000 ಆರ್‌ಪಿಎಂ ಆಸುಪಾಸಿನಲ್ಲಿರುತ್ತೀರಿ. ಅಲ್ಲಿ ಥ್ರಾಟಲ್ ಪೂರ್ತಿ ತೆರೆದರೂ ಬೇಕಾಗುವುದು 310 ಲೀಟರ್, ಅರೆ ತೆರೆದಾಗ ಇನ್ನೂ ಕಡಿಮೆ. ಎರಡು ಪಟ್ಟಿಗಿಂತ ಹೆಚ್ಚು ಗಾಳಿಯನ್ನು ಸಲೀಸಾಗಿ ಬಿಡುವ ಏರ್‌ಬಾಕ್ಸ್ ಈ 310 ಲೀಟರಿಗೆ ಅಡ್ಡಿಯಾಗಿರಲು ಸಾಧ್ಯವಿಲ್ಲ. ಆಗುಂಬೆ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿನ ಗಾಳಿಯ ಒತ್ತಡ ಕರಾವಳಿಗಿಂತ ನೂರಕ್ಕೆ ಏಳರಷ್ಟು ಕಡಿಮೆ ಎಂಬುದು ನಿಜ. ಆದರೆ ಇಂಧನವನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರ್ ಆದ ಇಸಿಯು ಒತ್ತಡದ ಸೆನ್ಸರ್ ಮೂಲಕ ಅದನ್ನು ತಿಳಿದು ಪೆಟ್ರೋಲನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಎತ್ತರದಿಂದಾದ ಆ ನಷ್ಟವನ್ನು ಯಾವ ಫಿಲ್ಟರೂ ತುಂಬಿಕೊಡಲಾರದು.

ಹಾಗಾದರೆ ಆ ಒಂದು ಕ್ಷಣದಲ್ಲಿ ನಡೆಯುವುದೇನು? ಗೇರಿನಲ್ಲಿರುವಾಗ ಥ್ರಾಟಲನ್ನು ಪೂರ್ತಿ ಮುಚ್ಚಿದರೆ ಇಸಿಯು ಪೆಟ್ರೋಲ್ ಸಿಂಪಡಿಸುವುದನ್ನು ನಿಲ್ಲಿಸಿಬಿಡುತ್ತದೆ. ಅಷ್ಟರಲ್ಲಿ ಎಂಜಿನ್ನಿಗೆ ಗಾಳಿ ಹೋಗುವ ನಾಳದ ಒಳಗೋಡೆ ಒಣಗುತ್ತದೆ. ನೀವು ಮತ್ತೆ ತೆರೆದಾಗ ಮೊದಲು ಸಿಂಪಡಿಸಿದ ಪೆಟ್ರೋಲಿನಲ್ಲಿ ಒಂದು ಪಾಲು ಆ ಗೋಡೆಯನ್ನು ತೋಯಿಸುವುದಕ್ಕೇ ಖರ್ಚಾಗುತ್ತದೆ. ಇದೇ ಹೊತ್ತಿಗೆ ಕೇಬಲ್ಲಿನ ಸಡಿಲ, ಚೈನಿನ ಸಡಿಲ, ಹಿಂಚಕ್ರದ ಹಬ್‌ನಲ್ಲಿರುವ ಕಪ್ಲಿಂಗ್ ರಬ್ಬರಿನ ಸಡಿಲ ಇವೆಲ್ಲ ಒಂದರ ಹಿಂದೊಂದು ಬಿಗಿಯಾಗುತ್ತ ಬಂದು, ಕೊನೆಯದು ಬಿಗಿಯಾದ ಗಳಿಗೆಯಲ್ಲಿ ಎಂಜಿನ್ನಿನ ಎಳೆತ ಚಕ್ರಕ್ಕೆ ಒಮ್ಮೆಲೇ ತಟ್ಟುತ್ತದೆ. ಹೊಸ ಬೈಕಿನಲ್ಲಿ ಈ ಸಡಿಲಗಳೆಲ್ಲ ಅತ್ಯಲ್ಪವಾದ್ದರಿಂದ ನಮಗೆ ಗೊತ್ತಾಗುವುದಿಲ್ಲ. 38,000 ಕಿಲೋಮೀಟರ್ ಓಡಿದ ಬೈಕಿನಲ್ಲಿ ಗೊತ್ತಾಗದೆ ಇರುವುದಿಲ್ಲ.

ಆದ್ದರಿಂದ ಮೊದಲು ಕೇಬಲ್ ನೋಡಿ. ಎಂಜಿನ್ ಆರಿಸಿ, ಗ್ರಿಪ್ಪಿನ ಒಳ ಅಂಚಿನಲ್ಲಿ ಪೆನ್ನಿನಿಂದ ಒಂದು ಗೆರೆ ಎಳೆದು, ಬೆರಳ ತುದಿಯಿಂದ ಮೆಲ್ಲನೆ ತಿರುವಿ, ತಡೆ ಸಿಕ್ಕುವವರೆಗೆ ಗೆರೆ ಎಷ್ಟು ಸರಿಯಿತೆಂದು ಅಳೆಯಿರಿ. ಸಾಮಾನ್ಯವಾಗಿ 3ರಿಂದ 5 ಮಿಲಿಮೀಟರ್ ಇರಬೇಕು. ನಿಖರವಾದ ಅಂಕಿ ಬೈಕಿನ ಕೈಪಿಡಿಯಲ್ಲಿದೆ. ಹತ್ತರ ಹತ್ತಿರವಿದ್ದರೆ ನಿಮ್ಮ ದೂರಿನ ಅರ್ಧ ಅಲ್ಲೇ ಇದೆ. ಅಡ್ಜಸ್ಟರ್ ತಿರುಗಿಸಿ ಸರಿಪಡಿಸಿದ ಮೇಲೆ ಎಂಜಿನ್ ಚಾಲೂ ಮಾಡಿ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಕೊನೆಯವರೆಗೆ ತಿರುಗಿಸಿ ನೋಡಿ. ಐಡ್ಲಿಂಗ್ ಏರಿದರೆ ಬಿಗಿ ಹೆಚ್ಚಾಗಿದೆ ಎಂದರ್ಥ. ಅಂಥ ಕೇಬಲ್ಲಿನೊಂದಿಗೆ ಘಾಟಿ ಇಳಿಯುವುದು ಅಪಾಯಕಾರಿ. ಮಳೆಗಾಲ ಕಳೆದ ಮೇಲೆ ಕೇಬಲ್ಲಿನ ಒಳಗೆ ತುಕ್ಕು ಹಿಡಿದು ಎಳೆತ ಒರಟಾಗುವುದು ನಮ್ಮ ಕಡೆ ತೀರಾ ಸಾಮಾನ್ಯ. ಹಾಗಿದ್ದರೆ ಎಣ್ಣೆ ಬಿಡುತ್ತ ಕೂರುವುದಕ್ಕಿಂತ ಹೊಸದನ್ನು ಹಾಕಿಸುವುದೇ ಮೇಲು.

ಚೈನಿನ ಸಡಿಲವನ್ನು ಒಂದೇ ಕಡೆ ಅಳೆಯದೆ ಚಕ್ರ ತಿರುಗಿಸುತ್ತ ನಾಲ್ಕೈದು ಕಡೆ ಅಳೆಯಿರಿ. ಒಂದು ಕಡೆ ಬಿಗಿ, ಇನ್ನೊಂದು ಕಡೆ ಜೋಲು ಎಂದಾದರೆ ಚೈನ್ ಸಮನಾಗಿ ಸವೆದಿಲ್ಲ. ಅದನ್ನು ಸ್ಪ್ರಾಕೆಟ್ ಸಮೇತ ಬದಲಿಸಬೇಕು. ಆಮೇಲೆ ಹಿಂಚಕ್ರವನ್ನು ಅಲುಗದಂತೆ ಹಿಡಿದು ಹಿಂದಿನ ಸ್ಪ್ರಾಕೆಟ್ಟನ್ನು ಹಿಂದೆ ಮುಂದೆ ಅಲುಗಿಸಿ. ಅದು ಕಟಕಟನೆ ಆಡಿದರೆ ಕಪ್ಲಿಂಗ್ ರಬ್ಬರ್ ಮುಗಿದಿದೆ. ಅಗ್ಗದ ಈ ಬಿಡಿಭಾಗವನ್ನು ಎಷ್ಟೋ ಗ್ಯಾರೇಜುಗಳಲ್ಲಿ ಬಿಚ್ಚಿಯೂ ನೋಡುವುದಿಲ್ಲವೆಂಬುದು ನನಗೆ ನಿಜವಾಗಿ ಬೇಸರ ತರಿಸುವ ಸಂಗತಿ.

ಮೂರನೆಯದು ಥ್ರಾಟಲ್ ಬಾಡಿ. ಎಂಜಿನ್ನಿನ ಎಣ್ಣೆಯ ಆವಿ ಬ್ರೀದರ್ ಪೈಪಿನ ಮೂಲಕ ಗಾಳಿಯ ದಾರಿಗೆ ಬರುವುದರಿಂದ, ವರ್ಷಗಳು ಕಳೆದಂತೆ ಥ್ರಾಟಲಿನ ದುಂಡು ತಟ್ಟೆಯ ಅಂಚು ಗೋಡೆಗೆ ತಾಗುವ ಜಾಗದಲ್ಲಿ ಕಂದು ಬಣ್ಣದ ಒಂದು ಉಂಗುರ ಕಟ್ಟಿಕೊಳ್ಳುತ್ತದೆ. ಬೆರಳಿಗೆ ಅದು ಒಣಗಿದ ಬೆಲ್ಲದ ಪಾಕದಂತೆ ಅಂಟಂಟಾಗಿ ಸಿಗುತ್ತದೆ. ತಟ್ಟೆ ಸ್ವಲ್ಪವೇ ತೆರೆದಾಗ ಗಾಳಿ ನುಸುಳಬೇಕಾದ ಬಿರುಕನ್ನೇ ಈ ಉಂಗುರ ಮುಚ್ಚಿರುತ್ತದೆ. ತಟ್ಟೆ ಅದನ್ನು ದಾಟಿದೊಡನೆ ಗಾಳಿ ಒಮ್ಮೆಲೇ ನುಗ್ಗುತ್ತದೆ. ನೀವು ಹೇಳುವ ‘ಸುಮ್ಮನಿದ್ದು ಎಗರುವ’ ಗುಣಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಥ್ರಾಟಲ್ ಬಾಡಿಯನ್ನು ಕಳಚಿ, ಅದಕ್ಕೆಂದೇ ಬರುವ ಕ್ಲೀನರನ್ನು ಮೆತ್ತನೆಯ ಬಟ್ಟೆಗೆ ಹಚ್ಚಿ ಒರೆಸಬೇಕು. ಉಪ್ಪುಕಾಗದ, ತಂತಿ ಬ್ರಷ್ ಖಂಡಿತ ಬೇಡ. ಬಣ್ಣ ಹಚ್ಚಿ ಮುದ್ರೆ ಹಾಕಿದ ಸ್ಕ್ರೂಗಳನ್ನೂ ಥ್ರಾಟಲ್ ಪೊಸಿಷನ್ ಸೆನ್ಸರನ್ನೂ ಮುಟ್ಟಕೂಡದು. ತಟ್ಟೆ ಎಷ್ಟು ತೆರೆದಿದೆ ಎಂಬುದನ್ನು ಇಸಿಯುಗೆ ಹೇಳುವುದು ಆ ಸೆನ್ಸರ್. ಅದು ಕೂದಲೆಳೆಯಷ್ಟು ಸರಿದರೂ ಪೆಟ್ರೋಲಿನ ಲೆಕ್ಕ ತಪ್ಪುತ್ತದೆ.

ಮರಳಿ ಜೋಡಿಸುವಾಗ ಥ್ರಾಟಲ್ ಬಾಡಿಗೂ ಎಂಜಿನ್ನಿಗೂ ನಡುವಿನ ರಬ್ಬರ್ ನಾಳದಲ್ಲಿ ಬಿರುಕಿದೆಯೇ ನೋಡಿ. ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಆ ಜೋಡಣೆಗೆ ಸ್ವಲ್ಪ ಸೋಪಿನ ನೀರು ಚಿಮುಕಿಸಿದಾಗ ಎಂಜಿನ್ನಿನ ಸದ್ದು ಬದಲಾದರೆ ಅಲ್ಲಿ ಗಾಳಿ ಸೋರುತ್ತಿದೆ. ಸ್ಪಾರ್ಕ್ ಪ್ಲಗ್ ಮತ್ತು ಏರ್ ಫಿಲ್ಟರ್ ಹಳೆಯವಾಗಿದ್ದರೆ ಇದೇ ಸಂದರ್ಭದಲ್ಲಿ ಹೊಸದು ಹಾಕಿಸಿ. ನಿಮ್ಮ ಬೈಕಿನದು ಎಣ್ಣೆ ಸವರಿದ ಕಾಗದದ ಫಿಲ್ಟರ್. ಅದನ್ನು ಗಾಳಿ ಹೊಡೆಸಿ ಮತ್ತೆ ಬಳಸುವಂತಿಲ್ಲ.

ಇನ್ನು ನಿಮಗೆ ಬಂದ ಸಲಹೆಗಳ ವಿಚಾರ. ಒಂಟಿ ಸಿಲಿಂಡರ್ ಎಂಜಿನ್ ಬಿಟ್ಟು ಬಿಟ್ಟು ಗುಟುಕರಿಸುವಂತೆ ಗಾಳಿ ಎಳೆಯುತ್ತದೆ. ಆ ಗುಟುಕಿಗೆ ಶಾಂತವಾದ ಗಾಳಿಯನ್ನು ಸಿದ್ಧವಾಗಿಟ್ಟುಕೊಳ್ಳುವ ತೊಟ್ಟಿಯೇ ಏರ್‌ಬಾಕ್ಸ್. ಅದರ ಗಾತ್ರವನ್ನೂ ಮೂತಿಯ ಉದ್ದವನ್ನೂ ಗಾಳಿಯ ಒತ್ತಡದ ಅಲೆಗಳ ಲೆಕ್ಕ ಹಾಕಿಯೇ ನಿರ್ಧರಿಸಿರುತ್ತಾರೆ. ನಾಳ ಉದ್ದವಾಗಿದ್ದರೆ ಕೆಳಗಿನ ಮತ್ತು ನಡುವಿನ ವೇಗದಲ್ಲಿ ಎಳೆತ ಚೆನ್ನಾಗಿರುತ್ತದೆ, ಗಿಡ್ಡವಾಗಿದ್ದರೆ ಮೇಲಿನ ವೇಗದಲ್ಲಿ. ನಿಮ್ಮ ಎಂಜಿನ್ನಿನಲ್ಲಿ ಇದಕ್ಕಾಗಿಯೇ ವಿವಿಎ ಎಂಬ ಏರ್ಪಾಡಿದ್ದು, 7,400 ಆರ್‌ಪಿಎಂ ದಾಟಿದ ಮೇಲೆ ಗಾಳಿಯ ಕವಾಟಗಳನ್ನು ಹೆಚ್ಚು ಎತ್ತುವ ಇನ್ನೊಂದು ಕ್ಯಾಮ್ ಕೆಲಸಕ್ಕೆ ಬರುತ್ತದೆ. ಏರ್‌ಬಾಕ್ಸ್ ಕತ್ತರಿಸಿದರೆ ನೀವು ಕಳೆದುಕೊಳ್ಳುವುದು 4,000ದ ಎಳೆತವನ್ನೇ. ಗಾಳಿ ಹೀರುವ ಗರ್ಜನೆ ಹೆಚ್ಚುವುದರಿಂದ ಬೈಕ್ ಜೋರಾಗಿದೆ ಎಂದು ಕಿವಿ ನಂಬುತ್ತದೆ, ಅಷ್ಟೇ.

ಕೋನ್ ಫಿಲ್ಟರನ್ನು ಬಯಲಿಗೆ ಹಾಕುವುದು ನಮ್ಮ ಸೀಮೆಗೆ ಹೇಳಿಸಿದ್ದಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಬೇಸಿಗೆಯಲ್ಲಿ ತೋಟದ ದಾರಿಗಳ ಕೆಮ್ಮಣ್ಣು ಹಿಟ್ಟಿನಂತೆ ಏಳುತ್ತದೆ. ಇಂಥ ಫಿಲ್ಟರ್ ಹಾಕಿಕೊಂಡು ಒಂದು ಬೇಸಿಗೆ ಓಡಿಸಿದ ಬೈಕೊಂದರ ಥ್ರಾಟಲ್ ಬಾಡಿ ಬಿಚ್ಚಿದ್ದೆ. ಫಿಲ್ಟರಿನಿಂದ ಈಚೆಗೆ, ಎಂಜಿನ್ನಿನ ಕಡೆಯ ಗೋಡೆಗೆ ಕುಂಕುಮ ಸವರಿದಂತೆ ಕೆಂಪು ಧೂಳು ಅಂಟಿತ್ತು. ಒರೆಸಿದ ಬಿಳಿ ಬಟ್ಟೆಯನ್ನು ಬೈಕಿನ ಒಡೆಯರ ಅಂಗೈಯಲ್ಲಿಟ್ಟು, ಬೆರಳುಗಳ ನಡುವೆ ಉಜ್ಜಿ ನೋಡಿ ಎಂದೆ. ಸಣ್ಣ ಮರಳು ಕರಕರ ಎಂದಿತು. ಪಿಸ್ಟನ್ ರಿಂಗಿಗೂ ಸಿಲಿಂಡರಿಗೂ ನಡುವೆ ಹೋಗುತ್ತಿದ್ದುದು ಅದೇ ಮರಳು.

ದೊಡ್ಡ ಥ್ರಾಟಲ್ ಬಾಡಿಯ ತೊಂದರೆ ಬೇರೆ ಬಗೆಯದು. ನಿಮ್ಮ ಇಸಿಯುವಿನ ಲೆಕ್ಕದ ಕೋಷ್ಟಕ ‘ತಟ್ಟೆ ಇಷ್ಟು ಡಿಗ್ರಿ ತೆರೆದರೆ ಇಷ್ಟು ಗಾಳಿ’ ಎಂಬ ಗೃಹೀತದ ಮೇಲೆ ನಿಂತಿದೆ. ಬಾಯಿ ದೊಡ್ಡದಾದರೆ ಅದೇ ಕೋನಕ್ಕೆ ಹೆಚ್ಚು ಗಾಳಿ ಹೋಗಿ, ತೆರೆದ ಮೊದಲ ಗಳಿಗೆಯಲ್ಲಿ ಪೆಟ್ರೋಲ್ ಸಾಲದಾಗುತ್ತದೆ. ಸೈಲೆನ್ಸರಿಗೆ ಹೋಗುವ ಹೊಗೆ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರ್ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಎಂಬ ಪ್ರಮಾಣದ ಆಸುಪಾಸಿಗೆ ತಿದ್ದುವುದು ಬೈಕ್ ಒಂದೇ ಹದದಲ್ಲಿ ಓಡುತ್ತಿರುವಾಗ. ಥ್ರಾಟಲ್ ಹಠಾತ್ತನೆ ತೆರೆದ ಆ ಕ್ಷಣಕ್ಕೆ ಅದು ಒದಗುವುದಿಲ್ಲ. ಹೀಗಾಗಿ ನೀವು ಹಣ ಕೊಟ್ಟು ತಡವರಿಕೆಯನ್ನು ಹೆಚ್ಚಿಸಿಕೊಂಡಂತಾಗುತ್ತದೆ. ಕ್ವಿಕ್ ಥ್ರಾಟಲ್ ಮಾಡುವುದಿಷ್ಟೇ: ಕಡಿಮೆ ತಿರುವಿದರೂ ತಟ್ಟೆ ಹೆಚ್ಚು ತೆರೆಯುವಂತೆ ಮಾಡುತ್ತದೆ. ರೇಸ್ ಟ್ರ್ಯಾಕಿನಲ್ಲಿ ಅದಕ್ಕೆ ಬೆಲೆಯಿದೆ. ಪಾಚಿ ಕಟ್ಟಿದ ಅಂಚಿನ ಒದ್ದೆ ತಿರುವಿನಲ್ಲಿ ಕೈಗೆ ಬೇಕಾದದ್ದು ಇದಕ್ಕೆ ತದ್ವಿರುದ್ಧವಾದ ನಾಜೂಕು.

ಕಾನೂನಿನ ಮಾತನ್ನೂ ಹೇಳಬೇಕು. ವಾಹನದ ಮೂಲ ಸ್ವರೂಪವನ್ನು ಮಾಲೀಕರು ಮನಸ್ಸಿಗೆ ಬಂದಂತೆ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ. 2019ರ ತಿದ್ದುಪಡಿಯ ನಂತರ ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ.

ಇಷ್ಟೆಲ್ಲ ಸರಿಪಡಿಸಿದ ಮೇಲೂ ಘಾಟಿಯಲ್ಲಿ ಎಳೆತ ಸಾಲದೆನಿಸಿದರೆ, ಹಿಂದಿನ 48 ಹಲ್ಲಿನ ಸ್ಪ್ರಾಕೆಟ್ ಬದಲು 50 ಹಲ್ಲಿನದನ್ನು ಹಾಕುವ ವಿಚಾರವನ್ನು ಮಾಡಬಹುದು. ಚಕ್ರದಲ್ಲಿ ನೂರಕ್ಕೆ ನಾಲ್ಕರಷ್ಟು ಎಳೆತ ಹೆಚ್ಚುತ್ತದೆ. ಬದಲಿಗೆ ಅದೇ ವೇಗಕ್ಕೆ ಎಂಜಿನ್ ಅಷ್ಟೇ ಹೆಚ್ಚು ತಿರುಗುತ್ತದೆ. ಅದಕ್ಕೂ ಮುಂಚೆ ಒಂದು ಅಭ್ಯಾಸ ಮಾಡಿ ನೋಡಿ. ತಿರುವಿನ ನಡುವೆ ಥ್ರಾಟಲನ್ನು ಪೂರ್ತಿ ಮುಚ್ಚದೆ, ಎಳೆಯಷ್ಟು ತೆರೆದಿಟ್ಟು, ವೇಗವನ್ನು ಹಿಂದಿನ ಬ್ರೇಕಿನಿಂದ ಹಗುರವಾಗಿ ಹಿಡಿಯಿರಿ. ಪೆಟ್ರೋಲ್ ನಿಲ್ಲುವುದಿಲ್ಲ, ಚೈನ್ ಜೋಲುವುದಿಲ್ಲ.

ಪ್ರಶ್ನೆ: ನನ್ನ ಟಿವಿಎಸ್ ಅಪಾಚೆ ಆರ್‌ಆರ್ 310ಕ್ಕೆ ಕೇಬಲ್ ಇಲ್ಲ, ರೈಡ್-ಬೈ-ವೈರ್ (ವಿದ್ಯುತ್ ಸಂಕೇತದಿಂದ ತೆರೆಯುವ ಥ್ರಾಟಲ್) ಇದೆ. ಆನ್‌ಲೈನಿನಲ್ಲಿ ಸಿಗುವ ಥ್ರಾಟಲ್ ಕಂಟ್ರೋಲರ್ ಹಾಕಿದರೆ ಶಕ್ತಿ ಹೆಚ್ಚುವುದೇ?
— ಓದುಗರೊಬ್ಬರು, ಸಾಗರ

ಉತ್ತರ: ಹೆಚ್ಚುವುದಿಲ್ಲ. ನಿಮ್ಮ ಗ್ರಿಪ್ಪಿನಲ್ಲಿರುವ ಸೆನ್ಸರ್ ಇಸಿಯುಗೆ ಕಳುಹಿಸುವ ಸಂಕೇತವನ್ನು ಆ ಡಬ್ಬಿ ನಡುದಾರಿಯಲ್ಲಿ ಹಿಡಿದು, ನೀವು ಕಾಲುಭಾಗ ತಿರುವಿದ್ದನ್ನು ಅರ್ಧ ತಿರುವಿದಂತೆ ಹೇಳುತ್ತದೆ. ಪೂರ್ತಿ ತಿರುವಿದಾಗ ಮೊದಲೂ ಪೂರ್ತಿಯೇ, ಈಗಲೂ ಪೂರ್ತಿಯೇ. ನಿಮ್ಮ ಬೈಕಿನಲ್ಲಿ ಇದೇ ಕೆಲಸ ಮಾಡುವ ನಾಲ್ಕು ಮೋಡ್‌ಗಳು ಕಂಪನಿಯಿಂದಲೇ ಬಂದಿವೆ: ರೈನ್ ಮತ್ತು ಅರ್ಬನ್‌ನಲ್ಲಿ ಶಕ್ತಿ 25.8 ಪಿಎಸ್‌ಗೆ ಸೀಮಿತವಾಗಿದ್ದರೆ, ಸ್ಪೋರ್ಟ್ ಮತ್ತು ಟ್ರ್ಯಾಕ್‌ನಲ್ಲಿ 34 ಪಿಎಸ್ ಸಿಗುತ್ತದೆ (ಇವು 2024ಕ್ಕಿಂತ ಮುಂಚಿನ ಮಾದರಿಯ ಅಂಕಿಗಳು). ಪ್ರತಿಕ್ರಿಯೆ ಮಂದವೆನಿಸಿದ್ದು ಯಾವ ಮೋಡ್‌ನಲ್ಲಿ ಎಂಬುದನ್ನು ಮೊದಲು ಗಮನಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹುಲಿಕಲ್ ಘಾಟಿಯಲ್ಲಿ ಆ ಮಂದ ಗುಣವನ್ನು ದೋಷವೆಂದು ಎಣಿಸಬೇಡಿ, ರೈನ್ ಮೋಡ್ ಇರುವುದೇ ಅದಕ್ಕಾಗಿ. ಜೊತೆಗೆ, ಗ್ರಿಪ್ಪಿನ ಸೆನ್ಸರಿನ ಸಂಕೇತ ಸರಿಯಿದೆಯೇ ಎಂದು ಇಸಿಯು ಸದಾ ತಾಳೆ ನೋಡುತ್ತಿರುತ್ತದೆ; ನಡುವೆ ಹಾಕಿದ ಡಬ್ಬಿಯ ಜೋಡಣೆಗೆ ಮಳೆನೀರು ಇಳಿದು ತಾಳೆ ತಪ್ಪಿದರೆ ಅದು ಬೈಕನ್ನು ರಕ್ಷಣಾ ಸ್ಥಿತಿಗೆ ತಂದು ಎಳೆತವನ್ನೇ ಕಡಿದುಬಿಡಬಹುದು.

ಪ್ರಶ್ನೆ: ನನ್ನದು 2014ರ ಪಲ್ಸರ್ 220 ಎಫ್, ಕಾರ್ಬ್ಯುರೇಟರ್ ಇರುವುದು. ಏಕಾಏಕಿ ಥ್ರಾಟಲ್ ಕೊಟ್ಟರೆ ಉಸಿರುಗಟ್ಟಿದಂತೆ ನಿಂತು ಆಮೇಲೆ ಓಡುತ್ತದೆ. ಜೆಟ್ (ಪೆಟ್ರೋಲ್ ಹಾಯುವ ಸಣ್ಣ ರಂಧ್ರದ ತುಣುಕು) ದೊಡ್ಡದು ಹಾಕಿಸಲೇ?
— ಓದುಗರೊಬ್ಬರು, ಕೊಪ್ಪ

ಉತ್ತರ: ಜೆಟ್ ಬದಲಿಸುವ ಮೊದಲು ಕಾರ್ಬ್ಯುರೇಟರಿನ ಮೇಲ್ಮುಚ್ಚಳ ಬಿಚ್ಚಿಸಿ ಒಳಗಿನ ಕಪ್ಪು ರಬ್ಬರ್ ಡಯಾಫ್ರಮ್ಮನ್ನು ಬೆಳಕಿಗೆ ಹಿಡಿದು ನೋಡಿ. ಈ ಬಗೆಯ ಕಾರ್ಬ್ಯುರೇಟರಿನಲ್ಲಿ ನಿಮ್ಮ ಕೇಬಲ್ ತೆರೆಯುವುದು ತಟ್ಟೆಯನ್ನು ಮಾತ್ರ. ಸೂಜಿಯಿರುವ ಸ್ಲೈಡನ್ನು ಮೇಲೆತ್ತುವುದು ಗಾಳಿಯ ಒತ್ತಡದ ವ್ಯತ್ಯಾಸ, ಅದನ್ನು ಹಿಡಿದಿಡುವುದು ಆ ರಬ್ಬರ್. ಸಾಸಿವೆ ಕಾಳಿನಷ್ಟು ತೂತು ಬಿದ್ದರೂ ಸ್ಲೈಡ್ ತಡವಾಗಿ ಏಳುತ್ತದೆ. ರಬ್ಬರ್ ಗಟ್ಟಿಯಿದ್ದರೆ ಸಣ್ಣ ಜೆಟ್‌ನಲ್ಲಿ ಕಸ ಕಟ್ಟಿದೆಯೇ ನೋಡಿಸಿ. ಸ್ಲೈಡಿನ ತಳದ ರಂಧ್ರವನ್ನು ಕೊರೆದು ದೊಡ್ಡದು ಮಾಡುತ್ತೇವೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಕೊರೆದದ್ದನ್ನು ಮತ್ತೆ ಮುಚ್ಚಲಾಗದು. ಡಯಾಫ್ರಮ್ ಹೊಸದು ಹಾಕುವಾಗ ಅದರ ಅಂಚು ತನ್ನ ತೋಡಿನಲ್ಲಿ ಸುತ್ತಲೂ ಸರಿಯಾಗಿ ಕೂತ ಮೇಲೆಯೇ ಮುಚ್ಚಳದ ಸ್ಕ್ರೂ ಬಿಗಿಯಲಿ. ಅಂಚು ಒಂದು ಕಡೆ ಮಡಚಿಕೊಂಡರೂ ಹೊಸ ರಬ್ಬರ್ ಹಳೆಯದರಂತೆಯೇ ವರ್ತಿಸುತ್ತದೆ.