ಮಕ್ಕಳ ಮನೆಯಲ್ಲಿ ಸ್ವಯಂಸೇವೆ ಮಾಡಿ, ಮಕ್ಕಳನ್ನು ಹೊರಗೆ ಸುತ್ತಾಡಿಸಬೇಕು ಅಂದರೆ ಹೇಗೆ ಶುರು ಮಾಡಬೇಕು?

ಭಾನುವಾರ ಬಿಡುವಿದೆ, ಹತ್ತಿರದ ಅನಾಥಾಶ್ರಮಕ್ಕೆ ಹೋಗಬೇಕು, ಅಲ್ಲಿನ ಮಕ್ಕಳನ್ನು ಎಲ್ಲಾದರೂ ಸುತ್ತಾಡಿಸಿಕೊಂಡು ಬರಬೇಕು ಅಂತ ಆಸೆ, ಆದರೆ ಯಾರನ್ನು ಕೇಳಬೇಕು, ಹೇಗೆ ತಯಾರಾಗಬೇಕು ಗೊತ್ತಿಲ್ಲ ಅಂತ ಬರೆದಿದ್ದೀರಿ. ನಾನು ಮೈಸೂರಿನಲ್ಲಿ ಹೆಣ್ಣುಮಕ್ಕಳ ಒಂದು ಮನೆಗೆ ಏಳು ವರ್ಷದಿಂದ ಹೋಗುತ್ತಿದ್ದೇನೆ. ಬ್ಯಾಂಕಿನಲ್ಲಿ ಕೆಲಸ, ನನಗೂ ಭಾನುವಾರವೇ ಬಿಡುವು. ಕಂಡದ್ದನ್ನು ಹೇಳುತ್ತೇನೆ. ಆ ಮನೆಯ ಹೆಸರು, ಮಕ್ಕಳ ಹೆಸರು ಬರೆಯುವುದಿಲ್ಲ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಮೊದಲು ಆ ಪದದ ಬಗ್ಗೆ. ‘ಅನಾಥಾಶ್ರಮ’ ಅಂತ ಮಕ್ಕಳ ಎದುರಿಗೆ ಅನ್ನಬೇಡಿ. ನಾನು ಹೋಗುವ ಕಡೆ ಹೆಚ್ಚಿನ ಮಕ್ಕಳಿಗೆ ತಾಯಿಯೋ ತಂದೆಯೋ ಇದ್ದಾರೆ. ಒಬ್ಬಳ ಅಮ್ಮ ಮನೆಕೆಲಸ ಮಾಡಿಕೊಂಡು ಯಾರದೋ ಶೆಡ್ಡಿನಲ್ಲಿ ಮಲಗುತ್ತಾರೆ. ವಯಸ್ಸಿಗೆ ಬಂದ ಮಗಳನ್ನು ಅಲ್ಲಿ ಇಟ್ಟುಕೊಳ್ಳಲು ಭಯ. ಇನ್ನೊಬ್ಬಳ ಅಪ್ಪ ಇದ್ದಾನೆ, ಕುಡಿದು ಬಂದು ಹೊಡೆಯುತ್ತಾನೆ. ತಿಂಗಳಲ್ಲಿ ಒಂದು ಭಾನುವಾರ ಮನೆಯವರು ನೋಡಲು ಬರುತ್ತಾರೆ. ಇದು ನನಗೆ ಗೊತ್ತಿರಲಿಲ್ಲ. ಮೊದಲ ವರ್ಷ ಮೃಗಾಲಯಕ್ಕೆ ಹೋಗುವ ದಿನವನ್ನು ಅದೇ ಭಾನುವಾರಕ್ಕೆ ಇಟ್ಟುಬಿಟ್ಟೆ. ಒಬ್ಬಳು ನಾನು ಬರಲ್ಲ ಅಂದಳು. ‘ನಮ್ಮಮ್ಮ ಬರ್ತಾರೆ’ ಅಂತ ಗೇಟಿನ ಹತ್ತಿರ ಕೂತಳು. ಸಂಜೆ ನಾವು ವಾಪಸ್ ಬಂದಾಗಲೂ ಅಲ್ಲೇ ಕೂತಿದ್ದಳು. ಅಮ್ಮ ಬಂದಿರಲಿಲ್ಲ. ಈಗ ಯಾವ ದಿನ ಗೊತ್ತು ಮಾಡುವುದಿದ್ದರೂ ಮೊದಲು ಗೃಹಮಾತೆಯನ್ನು ಕೇಳುತ್ತೇನೆ. ಗೃಹಮಾತೆ ಅಂದರೆ ಮಕ್ಕಳ ಜೊತೆ ಹಗಲು ರಾತ್ರಿ ಇರುವವರು. ಯಾವ ಮಗುವಿಗೆ ಯಾವ ದಿನ ಕಷ್ಟ ಅನ್ನುವುದು ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ.

ಯಾರನ್ನು ಕೇಳಬೇಕು ಅನ್ನುವುದಕ್ಕೆ ಬರುತ್ತೇನೆ. ಇಂಥ ಮನೆಗಳೆಲ್ಲ 2015ರ ಬಾಲನ್ಯಾಯ ಕಾಯ್ದೆಯ ಕೆಳಗೆ ನೋಂದಣಿ ಆಗಿರಲೇಬೇಕು. ಸರ್ಕಾರಿ ಬಾಲಮಂದಿರ ಆಗಲಿ, ಟ್ರಸ್ಟ್ ನಡೆಸುವ ಮನೆ ಆಗಲಿ, ಎರಡಕ್ಕೂ ಇದೇ ನಿಯಮ. ನೀವು ಹೋಗುವ ಮನೆಗೆ ನೋಂದಣಿ ಇದೆಯಾ ಅಂತ ಕೇಳಿ. ಕೇಳಲು ಸಂಕೋಚ ಬೇಡ. ಗೊತ್ತಾಗದಿದ್ದರೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ವಿಚಾರಿಸಿ. ಮಕ್ಕಳನ್ನು ಇಂಥ ಮನೆಗೆ ಸೇರಿಸುವ, ವಾಪಸ್ ಮನೆಗೆ ಕಳಿಸುವ ತೀರ್ಮಾನ ಮಾಡುವುದು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ. ಅದರಲ್ಲಿ ಅಧ್ಯಕ್ಷರೂ ಸೇರಿ ಐದು ಜನ ಇರುತ್ತಾರೆ. ಆದ್ದರಿಂದ ‘ಒಂದು ಮಗುವನ್ನು ಹಬ್ಬಕ್ಕೆ ನಮ್ಮ ಮನೆಗೆ ಕರೆದುಕೊಂಡು ಹೋಗ್ತೀನಿ’ ಅಂತ ಸೂಪರಿಂಟೆಂಡೆಂಟ್ ಹತ್ತಿರ ಕೇಳಿದ ತಕ್ಷಣ ಆಗುವ ಕೆಲಸ ಅಲ್ಲ ಅದು. ಹೊರಗೆ ಹೋಗುವುದಕ್ಕೂ ನಮ್ಮಲ್ಲಿ ಮೊದಲೇ ಬರೆದು ಕೊಡುತ್ತೇವೆ: ಎಲ್ಲಿಗೆ, ಎಷ್ಟು ಮಕ್ಕಳು, ಎಷ್ಟು ದೊಡ್ಡವರು, ಯಾವ ಗಾಡಿ, ಎಷ್ಟು ಹೊತ್ತಿಗೆ ವಾಪಸ್. ಮನೆಯ ಸಿಬ್ಬಂದಿ ಜೊತೆಯಲ್ಲಿ ಇದ್ದೇ ಇರುತ್ತಾರೆ. ನನ್ನಿಂದ ಆಧಾರ್ ಪ್ರತಿ, ಫೋಟೋ, ಪೊಲೀಸ್ ವೆರಿಫಿಕೇಶನ್ ಎಲ್ಲ ತೆಗೆದುಕೊಂಡರು. ಆಗ ಸ್ವಲ್ಪ ಬೇಸರ ಆಗಿತ್ತು, ಒಳ್ಳೆಯ ಕೆಲಸಕ್ಕೆ ಬಂದವಳನ್ನು ಇಷ್ಟೊಂದು ಕೇಳ್ತಾರಲ್ಲ ಅಂತ. ಕೆಲವು ಮಕ್ಕಳು ಎಂಥ ಜನರಿಂದ ತಪ್ಪಿಸಿಕೊಂಡು ಇಲ್ಲಿಗೆ ಬಂದಿದ್ದಾರೆ ಅಂತ ಗೊತ್ತಾದ ಮೇಲೆ ಆ ಬೇಸರ ಹೋಯಿತು. ಇಷ್ಟೂ ಕೇಳದೆ ಮಕ್ಕಳನ್ನು ನಿಮ್ಮ ಜೊತೆ ಕಳಿಸುವ ಮನೆ ಇದ್ದರೆ ಅದು ನೋಡಿ ಚಿಂತೆಯ ವಿಷಯ. ಏನಾದರೂ ಸರಿ ಇಲ್ಲ ಅನ್ನಿಸಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಕಾಗದ ಎಲ್ಲ ಆದ ಮೇಲೂ ಮೊದಲ ಮೂರು ತಿಂಗಳು ಹೊರಗೆ ಹೋಗುವ ಮಾತು ತೆಗೆಯಬೇಡಿ. ಸುಮ್ನೆ ಹೋಗಿ ಬನ್ನಿ. ಲೆಕ್ಕ ಹೇಳಿಕೊಡಿ, ಜಡೆ ಹಾಕಿ, ಅವರೆಕಾಯಿ ಬಿಡಿಸುತ್ತಾ ಕೂತುಕೊಳ್ಳಿ. ಆಗಸ್ಟ್ 15ಕ್ಕೆ, ನವೆಂಬರ್ 14ಕ್ಕೆ ತುಂಬಾ ಜನ ಬರುತ್ತಾರೆ. ಪಿತೃಪಕ್ಷದಲ್ಲಿ ಊಟ ಹಾಕಿಸುವವರು ಎಷ್ಟು ಅಂದರೆ ಒಂದೇ ವಾರದಲ್ಲಿ ಮೂರು ಸಲ ಒಬ್ಬಟ್ಟು. ಬಂದವರ ಎದುರು ಸಾಲಾಗಿ ಕೂತು ಮಕ್ಕಳು ಹಾಡು ಹೇಳುತ್ತಾರೆ, ಥ್ಯಾಂಕ್ಯೂ ಅನ್ನುತ್ತಾರೆ, ಫೋಟೋಗೆ ನಿಲ್ಲುತ್ತಾರೆ. ಜೂನ್ ತಿಂಗಳಲ್ಲಿ, ಹೊಸ ತರಗತಿ, ಹೊಸ ಪುಸ್ತಕ, ಮಳೆ ಬೇರೆ, ಆಗ ಯಾರೂ ಬರುವುದಿಲ್ಲ. ನೀವು ಜೂನ್ ತಿಂಗಳಲ್ಲಿ ಬಂದವರಾಗಿದ್ದರೆ ಮಕ್ಕಳು ನೆನಪಿಟ್ಟುಕೊಳ್ಳುತ್ತಾರೆ.

ನನ್ನ ದೊಡ್ಡ ತಪ್ಪನ್ನೂ ಹೇಳಿಬಿಡುತ್ತೇನೆ, ನೀವು ಮಾಡಬಾರದು ಅಂತ. ಎರಡನೇ ವರ್ಷ ಮಕ್ಕಳು ಸಮುದ್ರ ನೋಡಿಲ್ಲ ಅಂದರು. ‘ಬೇಸಿಗೆ ರಜಕ್ಕೆ ಮಂಗಳೂರಿಗೆ ಹೋಗೋಣ’ ಅಂತ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. ಅನುಮತಿ ಸಿಗಲಿಲ್ಲ, ರಾತ್ರಿ ಉಳಿಯುವ ಪ್ರವಾಸ ಅಂತ. ನಾನೂ ಮರೆತೆ. ಜೂನಿನಲ್ಲಿ ಒಂದು ದಿನ ಹಾಸಿಗೆ ಬಿಸಿಲಿಗೆ ಹಾಕುವಾಗ ಹತ್ತು ವರ್ಷದ ಹುಡುಗಿಯ ದಿಂಬಿನ ಕೆಳಗೆ ಪ್ಲಾಸ್ಟಿಕ್ ಕವರ್ ಸಿಕ್ಕಿತು. ಒಳಗೆ ಒಂದು ಟವೆಲ್, ಒಂದು ಜೊತೆ ಬಟ್ಟೆ, ಅರ್ಧ ಸೋಪು. ಸಮುದ್ರಕ್ಕೆ ಅಂತ ಏಪ್ರಿಲ್ ತಿಂಗಳಿಂದ ಕಟ್ಟಿಟ್ಟಿದ್ದಳು. ನನ್ನನ್ನು ಒಂದು ಮಾತೂ ಕೇಳಿರಲಿಲ್ಲ. ಅವಳ ಪಕ್ಕ ಕೂತು ತಪ್ಪಾಯ್ತು ಅಂತ ಹೇಳಿದೆ. ‘ಪರವಾಗಿಲ್ಲ ಅಕ್ಕ’ ಅಂದಳು, ತುಂಬಾ ಬೇಗ ಅಂದುಬಿಟ್ಟಳು. ಆ ಮಕ್ಕಳಿಗೆ ‘ಪರವಾಗಿಲ್ಲ’ ಅನ್ನುವುದು ಅಭ್ಯಾಸ ಆಗಿಹೋಗಿರುತ್ತದೆ. ಅನುಮತಿ ಪತ್ರ ಕೈಗೆ ಬರುವ ತನಕ ನಾನೀಗ ಊರಿನ ಹೆಸರು ಎತ್ತುವುದಿಲ್ಲ.

ಇನ್ನು ಎಲ್ಲಿಗೆ ಹೋಗಬೇಕು ಅನ್ನುವುದು. ನಾನು ಶುರುವಿನಲ್ಲಿ ದೊಡ್ಡ ದೊಡ್ಡ ಜಾಗಗಳನ್ನೇ ಯೋಚಿಸುತ್ತಿದ್ದೆ. ಮೃಗಾಲಯ, ಅರಮನೆ, ಮಿನಿ ಬಸ್ಸು, ಮಧ್ಯಾಹ್ನ ಹೋಟೆಲ್ ಊಟ. ಮಕ್ಕಳಿಗೆ ಖುಷಿ ಆಗುತ್ತಿತ್ತು, ಇಲ್ಲ ಅನ್ನುವುದಿಲ್ಲ. ಆದರೆ ಬಸ್ ಹತ್ತಿಸುವುದು ನಾವು, ಇಳಿಸುವುದು ನಾವು, ಏನು ತಿನ್ನಬೇಕು ಅಂತ ಹೇಳುವುದೂ ನಾವು. ಮನೆಯಲ್ಲಿ ಬೆಳಗ್ಗೆ ಐದೂವರೆಯ ಗಂಟೆಯಿಂದ ರಾತ್ರಿ ದೀಪ ಆರಿಸುವ ತನಕ ಎಲ್ಲವೂ ಗಂಟೆ ಹೊಡೆದಂತೆ ನಡೆಯುತ್ತದೆ. ಮೂವತ್ತು ಮಕ್ಕಳಿರುವ ಕಡೆ ಬೇರೆ ದಾರಿಯೂ ಇಲ್ಲ. ಹೊರಗೆ ಬಂದಾಗಲೂ ಅದನ್ನೇ ಮಾಡಿದರೆ ಅವರಿಗೆ ಸಿಕ್ಕಿದ್ದೇನು ಅಂತ ನನಗೆ ಯೋಚನೆ ಶುರುವಾಯಿತು.

ಅದು ಶುರುವಾದದ್ದು ದೇವರಾಜ ಮಾರುಕಟ್ಟೆಯಲ್ಲಿ. ಒಂದು ಭಾನುವಾರ ಎಂಟು ದೊಡ್ಡ ಹುಡುಗಿಯರನ್ನು ಕರೆದುಕೊಂಡು ಹೋಗಿ ತಲಾ 20 ರೂಪಾಯಿ ಕೈಗೆ ಕೊಟ್ಟೆವು. ಏನು ಬೇಕಾದರೂ ತಗೊಳ್ಳಿ, ಯಾರೂ ಕೇಳುವುದಿಲ್ಲ ಅಂದೆವು. ನಾನು ಅಂದುಕೊಂಡದ್ದು ಐದು ನಿಮಿಷದಲ್ಲಿ ಖರ್ಚಾಗುತ್ತದೆ ಅಂತ. ಅರ್ಧ ಗಂಟೆ ಆದರೂ ಯಾರೂ ಏನೂ ಕೊಂಡಿರಲಿಲ್ಲ. ನೋಟನ್ನು ಮಡಚಿ ಮಡಚಿ ಮುಷ್ಟಿಯಲ್ಲಿ ಹಿಡಿದುಕೊಂಡು ಹೂವಿನ ಸಾಲಿನಿಂದ ಬಾಳೆಹಣ್ಣಿನ ಸಾಲಿಗೆ, ಅಲ್ಲಿಂದ ಕುಂಕುಮದ ಗುಡ್ಡೆಗಳ ಕಡೆಗೆ ಓಡಾಡುತ್ತಿದ್ದರು. ಹದಿಮೂರು ವರ್ಷದವಳು ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ ಕೇಳಿದಳು: ‘ಅಕ್ಕ, ಐದು ರೂಪಾಯಿದು ತಗೊಂಡ್ರೆ ಚಿಲ್ಲರೆ ವಾಪಸ್ ಕೇಳಬಹುದಾ? ಬೈಯಲ್ವಾ?’ ಏಳನೇ ಕ್ಲಾಸಿನ ಹುಡುಗಿ, ಕಳೆಯುವ ಲೆಕ್ಕದಲ್ಲಿ ಒಂದೂ ತಪ್ಪು ಮಾಡುವವಳಲ್ಲ. ಆದರೆ ಅಂಗಡಿಯಲ್ಲಿ ದುಡ್ಡು ಕೊಟ್ಟು ಚಿಲ್ಲರೆ ಇಸಿದುಕೊಂಡದ್ದೇ ಇಲ್ಲ. ಯಾರಾದರೂ ತಂದುಕೊಡುತ್ತಾರೆ, ಇವಳು ತೆಗೆದುಕೊಳ್ಳುತ್ತಾಳೆ, ಅಷ್ಟೇ.

ಕೊನೆಗೆ ಅವಳು ಒಂದು ಮೊಳ ಮಲ್ಲಿಗೆ ತೆಗೆದುಕೊಂಡಳು. ಇನ್ನೊಬ್ಬಳು ಬಳೆ. ಮತ್ತೊಬ್ಬಳು ಹಸಿಮೆಣಸಿನಕಾಯಿ! ಯಾಕೆ ಅಂತ ಕೇಳಿದರೆ ಮನೆಯ ಸಾರು ಖಾರವೇ ಇರುವುದಿಲ್ಲ, ಊಟದ ಜೊತೆ ಕಚ್ಚಿಕೊಳ್ಳಲು ಅಂದಳು. ಚಿಕ್ಕ ಮಕ್ಕಳಿಗೆ ಅಂತ ಸಾರಿಗೆ ಖಾರ ಕಡಿಮೆ ಹಾಕುತ್ತಾರೆ, ಅವಳ ಊರು ರಾಯಚೂರಿನ ಕಡೆ. ನಾಲ್ಕು ವರ್ಷದಿಂದ ಸಪ್ಪೆ ಸಾರು ತಿನ್ನುತ್ತಿದ್ದಳು ಅಂತ ನಮಗೆ ಗೊತ್ತಾದದ್ದು ಆವತ್ತು. ಇಬ್ಬರು ಏನೂ ಕೊಳ್ಳದೆ ನೋಟು ವಾಪಸ್ ಕೊಡಲು ಬಂದರು. ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ, ಮುಂದಿನ ಸಲ ನೋಡಿದರಾಯಿತು ಅಂದೆವು.

ಕಾಯ್ದೆಯ ಪ್ರಕಾರ ಮಕ್ಕಳ ಮನೆಯಲ್ಲಿ ಇರಬಹುದಾದದ್ದು 18 ವರ್ಷದ ತನಕ. ಆಮೇಲೆ 21ರ ತನಕ ಅನುಪಾಲನೆ ಅಂತ ಸಹಾಯದ ಏರ್ಪಾಡು ಇದೆ. ಆದರೆ ಹದಿನೆಂಟಕ್ಕೆ ಗೇಟು ದಾಟುವ ಹುಡುಗಿಗೆ ಬಸ್ಸಿನಲ್ಲಿ ಟಿಕೆಟ್ ಕೇಳಲು, ಬೆಲೆ ಜಾಸ್ತಿ ಆಯ್ತು ಅನ್ನಲು, ಇದು ನನಗೆ ಬೇಡ ಅನ್ನಲು ಬಾಯಿ ಬರದಿದ್ದರೆ ಗತಿ ಏನು? ಆ ಮಾರುಕಟ್ಟೆಯ ದಿನದಿಂದ ನಮ್ಮ ಸುತ್ತಾಟ ಬದಲಾಯಿತು. ಮಿನಿ ಬಸ್ಸು ಬಿಟ್ಟೆವು. ಸಿಟಿ ಬಸ್ಸು, ರೈಲು ಹಿಡಿದೆವು.

ನಮ್ಮ ಮಕ್ಕಳಿಗೆ ಅತ್ಯಂತ ಇಷ್ಟವಾದದ್ದು ಶ್ರೀರಂಗಪಟ್ಟಣದ ರೈಲು. ಮೈಸೂರಿನಿಂದ ಸುಮಾರು 15 ಕಿಲೋಮೀಟರ್, ನಡುವೆ ನಾಗನಹಳ್ಳಿ ಒಂದು ನಿಲ್ದಾಣ. ಪ್ಯಾಸೆಂಜರ್ ರೈಲಿನಲ್ಲಿ ಖರ್ಚು ಬಹಳ ಕಡಿಮೆ. 5 ವರ್ಷದೊಳಗಿನವರಿಗೆ ಟಿಕೆಟ್ ಬೇಡ, 12ರೊಳಗಿನವರಿಗೆ ಅರ್ಧ. ದೊಡ್ಡ ಹುಡುಗಿಯರು ಕೌಂಟರಿನಲ್ಲಿ ಸಾಲು ನಿಂತು ತಾವೇ ಟಿಕೆಟ್ ತೆಗೆಸಬೇಕು, ಚಿಲ್ಲರೆ ಎಣಿಸಬೇಕು, ಯಾವ ಪ್ಲಾಟ್‌ಫಾರ್ಮ್ ಅಂತ ಕೇಳಿಕೊಂಡು ಬರಬೇಕು. ನಾವು ನಾಲ್ಕು ಹೆಜ್ಜೆ ದೂರ ನಿಂತಿರುತ್ತೇವೆ. ಮೊದಲ ಸಲ ಟಿಕೆಟ್ ತಂದವಳ ಮುಖ ನೋಡಬೇಕಿತ್ತು. ಶ್ರೀರಂಗಪಟ್ಟಣ ದ್ವೀಪ, ಅದಕ್ಕೇ ಊರು ಬರುವ ಮುಂಚೆ ರೈಲು ಕಾವೇರಿಯ ಸೇತುವೆ ದಾಟುತ್ತದೆ. ಸೇತುವೆಯ ಮೇಲೆ ಚಕ್ರದ ಸದ್ದು ಬದಲಾದ ತಕ್ಷಣ ಎಲ್ಲರೂ ಕಿಟಕಿಗೆ. ಇಳಿದರೆ ಕೋಟೆ, ರಂಗನಾಥನ ದೇವಸ್ಥಾನ ಎಲ್ಲ ನಡೆದು ಹೋಗುವ ದೂರದಲ್ಲೇ. ಜೋಡಿ ಹಳಿ ಹಾಕುವಾಗ ಅಡ್ಡ ಬಂತು ಅಂತ ಟಿಪ್ಪುವಿನ ಶಸ್ತ್ರಾಗಾರವನ್ನು 2017ರಲ್ಲಿ ಒಡೆಯದೆ, ಇಡೀ ಕಟ್ಟಡವನ್ನೇ ನೂರು ಮೀಟರಿಗಿಂತ ಹೆಚ್ಚು ದೂರ ಸರಿಸಿ ಇಟ್ಟರು. ಇದನ್ನು ಹೇಳಿದಾಗ ಒಂಬತ್ತು ವರ್ಷದವಳು ನಡೆಯುವುದನ್ನು ನಿಲ್ಲಿಸಿದಳು. ‘ಮನೇನೇ ಎತ್ತಿ ಬೇರೆ ಕಡೆ ಇಡಬಹುದಾ ಅಕ್ಕ? ಒಳಗಿರೋದು ಒಡೆಯಲ್ವಾ?’ ಆ ದಿನ ಅವಳು ಬೇರೆ ಏನನ್ನೂ ಸರಿಯಾಗಿ ನೋಡಲಿಲ್ಲ. ವಾಪಸ್ ಬರುವಾಗಲೂ ಅದನ್ನೇ ಕೇಳುತ್ತಿದ್ದಳು.

ನದಿಗೆ ಮಾತ್ರ ಇಳಿಸುವುದಿಲ್ಲ. ಸಂಗಮ ಆಗಲಿ, ಬಲಮುರಿ ಆಗಲಿ, ಎಷ್ಟು ಹಠ ಮಾಡಿದರೂ ದಡದಿಂದಲೇ ನೋಡುವುದು. ಐದು ಮಕ್ಕಳಿಗೆ ಒಬ್ಬರು ದೊಡ್ಡವರು ಇಲ್ಲದಿದ್ದರೆ ಹೊರಡುವುದೇ ಇಲ್ಲ. ದೊಡ್ಡವಳಿಗೊಬ್ಬಳು ಚಿಕ್ಕವಳಂತೆ ಜೋಡಿ ಮಾಡಿ, ನಮ್ಮ ಫೋನ್ ನಂಬರನ್ನು ಪೆನ್ನಿನಲ್ಲಿ ಮಣಿಕಟ್ಟಿನ ಮೇಲೆ ಬರೆಯುತ್ತೇವೆ. ಬಸ್ಸಿನ ಅಭ್ಯಾಸ ಇಲ್ಲದ ಮಕ್ಕಳಿಗೆ ವಾಂತಿ ಆಗುತ್ತದೆ. ಬೆಳಗ್ಗೆ ಎಣ್ಣೆಯ ಪೂರಿ ಬೇಡ, ಇಡ್ಲಿ ಸಾಕು. ಕವರು, ನಿಂಬೆಹಣ್ಣು ಬ್ಯಾಗಿನಲ್ಲಿ ಇರಲಿ. ಹೆಣ್ಣುಮಕ್ಕಳಾದರೆ ಪ್ಯಾಡ್, ಒಂದು ಜೊತೆ ಬಟ್ಟೆ. ಮಧ್ಯಾಹ್ನಕ್ಕೆ ಪುಳಿಯೋಗರೆ, ಮೊಸರನ್ನ ಕಟ್ಟಿಸಿಕೊಂಡರೆ ಹೋಟೆಲ್ ಹುಡುಕುವ ಪಾಡಿಲ್ಲ. ಮೃಗಾಲಯಕ್ಕೆ ಮಂಗಳವಾರ ರಜೆ, ನೆನಪಿರಲಿ.

ಇನ್ನೊಂದು, ಯೂನಿಫಾರ್ಮ್ ಹಾಕಿಸಬೇಡಿ. ಎಣಿಸಲು ಸುಲಭ ಅಂತ ಮೊದಲ ಸಲ ಎಲ್ಲರಿಗೂ ಒಂದೇ ಬಣ್ಣದ ಬಟ್ಟೆ ಹಾಕಿಸಿದ್ದೆವು. ಜಿರಾಫೆಯ ಹತ್ತಿರ ಒಬ್ಬರು ಬಂದು ಮಕ್ಕಳ ಎದುರಿಗೇ ‘ಅನಾಥ ಮಕ್ಕಳಾ ಇವು?’ ಅಂತ ಕೇಳಿ, ಬಿಸ್ಕತ್ ಹಂಚಿ, ಫೋಟೋ ತೆಗೆಯಲು ಮೊಬೈಲ್ ಎತ್ತಿದರು. ದೊಡ್ಡ ಹುಡುಗಿಯರು ತಲೆ ತಗ್ಗಿಸಿದರು. ಆಮೇಲೆ ಜಿರಾಫೆಯನ್ನು ಯಾರೂ ನೋಡಲಿಲ್ಲ. ಈಗ ಅವರವರ ಬಣ್ಣದ ಬಟ್ಟೆ, ಅವರವರಿಗೆ ಬೇಕಾದ ಜಡೆ. ನೋಡಿದವರಿಗೆ ದೊಡ್ಡ ಕುಟುಂಬ ಹೊರಟಂತೆ ಕಾಣುತ್ತದೆ.

ಫೋಟೋ ವಿಷಯ ಕಾನೂನಿನದ್ದೂ ಹೌದು. ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಇಂಥ ಮಕ್ಕಳ ಹೆಸರು, ಶಾಲೆ, ಚಿತ್ರ, ಗುರುತು ಸಿಗುವ ಯಾವ ವಿವರವನ್ನೂ ಪ್ರಕಟಿಸುವಂತಿಲ್ಲ. ತಪ್ಪಿದರೆ ಆರು ತಿಂಗಳ ತನಕ ಜೈಲು, ಇಲ್ಲವೇ 2 ಲಕ್ಷದ ತನಕ ದಂಡ, ಎರಡೂ ಆಗಬಹುದು. ವಾಟ್ಸಾಪ್ ಸ್ಟೇಟಸ್ಸಿಗೂ ಹಾಕಬೇಡಿ. ಯಾರಿಂದ ತಪ್ಪಿಸಿಕೊಂಡು ಬಂದಿದ್ದಾಳೋ ಆ ಮನುಷ್ಯನ ಫೋನಿಗೂ ಅದು ತಲುಪಬಹುದು. ಆದರೆ ಮಕ್ಕಳಿಗೆ ತಮ್ಮ ಫೋಟೋ ಬೇಕು ಅಂತ ತುಂಬಾ ಆಸೆ ಇರುತ್ತದೆ. ಹುಟ್ಟಿದಾಗಿನ ಒಂದು ಚಿತ್ರವೂ ಇಲ್ಲದವರು ಎಷ್ಟೋ ಜನ. ಅದಕ್ಕೆ ಸೂಪರಿಂಟೆಂಡೆಂಟ್ ಮೇಡಂ ಒಪ್ಪಿಗೆಯಿಂದ ಮನೆಯ ಕ್ಯಾಮೆರಾದಲ್ಲೇ ತೆಗೆದು, ಪ್ರಿಂಟ್ ಹಾಕಿಸಿ, ಮಗುವಿನ ಕೈಗೇ ಕೊಡುತ್ತೇವೆ. ಟ್ರಂಕಿನ ಮುಚ್ಚಳದ ಒಳಗೆ ಅಂಟಿಸಿಕೊಳ್ಳುತ್ತಾರೆ.

ನೀವು ಯಾವ ಊರಿನವರು ಅಂತ ಬರೆದಿಲ್ಲ. ಮೈಸೂರಿನವರೇ ಆಗಿದ್ದರೆ, ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಿ ಈ ವಾರವೇ ಅರ್ಜಿ ಕೊಡಿ. ಈಗ ಶುರು ಮಾಡಿದರೆ ದಸರಾ ರಜೆಯ ಹೊತ್ತಿಗೆ ಮಕ್ಕಳಿಗೆ ನಿಮ್ಮ ಪರಿಚಯ ಆಗಿರುತ್ತದೆ. ಆಗ ಚಿಕ್ಕವರನ್ನೂ ಸೇರಿಸಿ ಇಪ್ಪತ್ತು ಮಕ್ಕಳ ರೈಲು ಪ್ರಯಾಣಕ್ಕೆ ಅನುಮತಿ ಕೇಳಿದ್ದೇವೆ. ನಮ್ಮಲ್ಲಿ ಸದ್ಯಕ್ಕೆ ದೊಡ್ಡವರು ಮೂರೇ ಜನ ಇದ್ದೇವೆ, ಒಬ್ಬರು ಕಡಿಮೆ. ಮಕ್ಕಳಿಗೆ ಇನ್ನೂ ಹೇಳಿಲ್ಲ.