ಓದುಗರ ಪ್ರಶ್ನೆ: ಅಲ್ಲಿ ಓಡುವ ವಾಚು, ಇಲ್ಲಿ ಓಡುವ ವಾಚು

ಹೊರದೇಶದಿಂದ ಬಂದ ಕೈಗಡಿಯಾರಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲದ ಉತ್ತರ.

ಗಲ್ಫ್‌ನಿಂದ ಬಂದವರ ಕೈಯಲ್ಲಿ ಸೀಕೋ, ಸಿಟಿಜನ್, ಓರಿಯೆಂಟ್. ನಮ್ಮಲ್ಲಿ ಹಿರಿಯರ ಕೈಯಲ್ಲಿ ಎಚ್‌ಎಂಟಿ, ಕಿರಿಯರ ಕೈಯಲ್ಲಿ ಟೈಟಾನ್. ಇದು ಗುಣಮಟ್ಟದ ವ್ಯತ್ಯಾಸವೇ? (ಓದುಗರು, ಉಡುಪಿ)

ಗುಣಮಟ್ಟದ ಪಾಲು ಇದರಲ್ಲಿ ಕಡಿಮೆ. ಒಂದು ದೇಶದಲ್ಲಿ ಯಾವ ಹೆಸರು ಓಡುತ್ತದೆ ಎನ್ನುವುದನ್ನು ಆಮದು ಸುಂಕ, ಅಂಗಡಿಗಳ ಜಾಲ, ಕೆಟ್ಟರೆ ರಿಪೇರಿ ಮಾಡುವವರು ಇದ್ದಾರೋ ಇಲ್ಲವೋ ಎನ್ನುವುದೇ ಬಹುಮಟ್ಟಿಗೆ ತೀರ್ಮಾನಿಸುತ್ತದೆ.

ನಮ್ಮದೇ ಉದಾಹರಣೆ ನೋಡಿ. ವಿದೇಶಿ ವಾಚುಗಳ ಆಮದಿಗೆ ದಶಕಗಟ್ಟಲೆ ಬಿಗಿ ಕಡಿವಾಣ ಇತ್ತು. 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿಯ ವಾಚು ಕಾರ್ಖಾನೆ ಶುರುವಾಗಿದ್ದು ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ. ಗಲ್ಫ್‌ನಲ್ಲಿ ಸಿಟಿಜನ್ ತನ್ನ ಹೆಸರಿನಲ್ಲೇ ಮಾರಾಟವಾದರೆ, ಇಲ್ಲಿ ಅದೇ ತಂತ್ರಜ್ಞಾನ ‘ಜನತಾ’, ‘ಪೈಲಟ್’ ಎಂಬ ಹೆಸರುಗಳಲ್ಲಿ ಮನೆಮನೆಗೆ ಬಂತು. ಆಮೇಲೆ ಟಾಟಾ ಮತ್ತು ತಮಿಳುನಾಡು ಸರ್ಕಾರದ ಕೈಗಾರಿಕಾ ನಿಗಮ ಟಿಡ್ಕೋ ಸೇರಿ 1984ರಲ್ಲಿ ಕಟ್ಟಿದ ಟೈಟಾನ್, 1987ರಿಂದ ಹೊಸೂರಿನಲ್ಲಿ ತಯಾರಿಸಿದ ಕ್ವಾರ್ಟ್ಜ್ (ಬ್ಯಾಟರಿಯಿಂದ ಓಡುವ) ವಾಚುಗಳನ್ನು ಚೆಂದದ ಶೋರೂಮುಗಳಲ್ಲಿಟ್ಟು ಮಾರಿತು. ಎಚ್‌ಎಂಟಿಯೂ ಕ್ವಾರ್ಟ್ಜ್ ಮಾಡಿತ್ತು, ಆದರೆ ಅದರ ಬಲವೆಲ್ಲ ಕೀ ಕೊಡುವ ವಾಚಿನಲ್ಲೇ ಇತ್ತು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು.

ಬೇರೆ ಕಡೆಯೂ ಕತೆ ಇಂಥದ್ದೇ. ಜಪಾನಿನ ಓರಿಯೆಂಟ್ ಬ್ರೆಜಿಲ್‌ನಲ್ಲಿ ಮನೆಮಾತಾಗಲು ಮುಖ್ಯ ಕಾರಣ, ಅದು ಮನಾವ್ಸ್‌ನ ಸುಂಕರಹಿತ ವಲಯದಲ್ಲೇ ತಯಾರಾಗುವುದು. ಬ್ರಿಟನ್ನಿನ ಸೆಕೊಂಡಾ 1966ರಿಂದ ಮಾರಿದ್ದು ಸೋವಿಯತ್ ಕಾರ್ಖಾನೆಗಳ ವಾಚುಗಳನ್ನು. ಕೊಂಡ ಎಷ್ಟೋ ಮಂದಿಗೆ ಅದು ತಿಳಿದೇ ಇರಲಿಲ್ಲ. ಚೀನಾದಲ್ಲಿ 1970ರ ದಶಕದಲ್ಲಿ ಮದುವೆಗೆ ಬೇಕೆನಿಸಿದ ವಸ್ತುಗಳಲ್ಲಿ ಸೈಕಲ್, ಹೊಲಿಗೆ ಯಂತ್ರಗಳ ಜತೆ ‘ಶಾಂಘೈ’ ವಾಚೂ ಸೇರಿತ್ತು. ಈಗ ಅಲ್ಲಿ ಒಮೆಗಾ, ಲಾಂಜೀನ್, ಟಿಸ್ಸೋಗಳಿಗೆ ಇರುವ ಮೋಹ ಅಮೆರಿಕದಲ್ಲೂ ಅಷ್ಟೇ ಇದೆ ಎಂದುಕೊಳ್ಳಬೇಡಿ. ಅಮೆರಿಕದಲ್ಲಿ ಲಾಂಜೀನ್‌ಗೆ ಅಂಥ ಹೆಸರಿಲ್ಲ.

ದಮ್ಮಾಮ್‌ನಿಂದ ಮಗ ತಂದ ಸೀಕೋ 5ರಲ್ಲಿ ವಾರದ ಹೆಸರು ಒಮ್ಮೊಮ್ಮೆ ಅರಬಿಯಲ್ಲಿ ಬರುತ್ತದೆ. ಡುಪ್ಲಿಕೇಟ್ ಇರಬಹುದೇ? (ಓದುಗರು, ಮಂಗಳೂರು)

ಅರಬಿ ಬಂದ ಮಾತ್ರಕ್ಕೆ ಡುಪ್ಲಿಕೇಟ್ ಅಲ್ಲ. ಗಲ್ಫ್ ಮಾರುಕಟ್ಟೆಯ ವಾಚುಗಳ ವಾರದ ಚಕ್ರದಲ್ಲಿ ಇಂಗ್ಲಿಷ್ ಮತ್ತು ಅರಬಿ ಹೆಸರುಗಳು ಒಂದು ಬಿಟ್ಟು ಒಂದರಂತೆ ಒಟ್ಟು 14 ಇರುತ್ತವೆ. ಸ್ಪೇನ್, ಲ್ಯಾಟಿನ್ ಅಮೆರಿಕದ ಕಡೆಗೆ ಹೋಗುವುದರಲ್ಲಿ ಸ್ಪ್ಯಾನಿಷ್, ಜಪಾನಿನದರಲ್ಲಿ ಅಲ್ಲಿನ ಕಾಂಜಿ ಲಿಪಿ. ನಡುರಾತ್ರಿ ಚಕ್ರ ಮೊದಲು ಒಂದು ಮನೆ ಸರಿದು ಅರಬಿ ತೋರಿಸುತ್ತದೆ, ಬೆಳಗಿನ ಜಾವದ ಹೊತ್ತಿಗೆ ಇನ್ನೊಂದು ಮನೆ ಸರಿದು ಇಂಗ್ಲಿಷ್‌ಗೆ ಬರುತ್ತದೆ. ರಾತ್ರಿ ಎರಡು ಗಂಟೆಗೆ ಎದ್ದು ನೋಡಿದರೆ ಅರಬಿ ಕಾಣುವುದು ಸಹಜ. ಹಗಲಲ್ಲೂ ಅರಬಿಯೇ ಇದ್ದರೆ ಭಾಷೆ ತಪ್ಪಾಗಿ ಕೂತಿದೆ, ಅಷ್ಟೇ. ಸರಿಪಡಿಸುವುದು ಹೀಗೆ:

ಮೊದಲು ಕೀ ಗುಂಡಿಯನ್ನು ಪೂರ್ತಿ, ಅಂದರೆ ಎರಡನೇ ಮೆಟ್ಟಿಲಿಗೆ, ಎಳೆದು ಮುಳ್ಳುಗಳನ್ನು ಮುಂದಕ್ಕೆ ತಿರುಗಿಸಿ. ವಾರ, ತಾರೀಖು ಬದಲಾಗುವುದನ್ನು ಕಂಡ ಮೇಲೂ ಮುಂದುವರಿದು ಬೆಳಿಗ್ಗೆ ಆರೂವರೆಗೆ ನಿಲ್ಲಿಸಿ. ಈಗ ಗುಂಡಿಯನ್ನು ಒಂದನೇ ಮೆಟ್ಟಿಲಿಗೆ ಒತ್ತಿ. ಒಂದು ಕಡೆ ತಿರುಗಿಸಿದರೆ ತಾರೀಖು, ಇನ್ನೊಂದು ಕಡೆ ತಿರುಗಿಸಿದರೆ ವಾರ ಬದಲಾಗುತ್ತದೆ. ಎರಡನ್ನೂ ನಿನ್ನೆಯದಕ್ಕೆ ಇಡಿ, ವಾರ ನಿಮಗೆ ಬೇಕಾದ ಭಾಷೆಯಲ್ಲಿರಲಿ. ಆಮೇಲೆ ಗುಂಡಿಯನ್ನು ಮತ್ತೆ ಪೂರ್ತಿ ಎಳೆದು, ಮುಳ್ಳುಗಳನ್ನು ನಡುರಾತ್ರಿ ದಾಟಿಸಿ ಈಗಿನ ಹೊತ್ತಿಗೆ ತನ್ನಿ. ಮಧ್ಯಾಹ್ನ ಕಳೆದಿದ್ದರೆ ಇನ್ನೊಂದು ಸುತ್ತು ಬೇಕು.

ಮುಳ್ಳುಗಳು ರಾತ್ರಿ 9ರಿಂದ ಬೆಳಗಿನ 4ರ ನಡುವೆ ಇರುವಾಗ ಒಂದನೇ ಮೆಟ್ಟಿಲಲ್ಲಿ ತಿರುಗಿಸಲೇಬೇಡಿ. ಆಗ ಕ್ಯಾಲೆಂಡರಿನ ಹಲ್ಲುಗಳು ಕಚ್ಚಿಕೊಂಡಿರುತ್ತವೆ. ಬಲವಂತ ಮಾಡಿದರೆ ಹಲ್ಲು ಮುರಿಯುತ್ತದೆ ಇಲ್ಲವೇ ಬಾಗುತ್ತದೆ. ತಾರೀಖು ನಡುವೆ ಸಿಕ್ಕಿಕೊಂಡು ಕೂತ ವಾಚುಗಳಲ್ಲಿ ಹೆಚ್ಚಿನವು ಹೀಗೆ ಕೆಟ್ಟವೇ.

ಅಸಲಿಯೋ ಎಂದು ನೋಡಲು ಹಿಂಬದಿ ಓದಿ. ಅಲ್ಲಿ ಮಷೀನಿನ ಹೆಸರು (7ಎಸ್26 ಎಂಬಂತೆ), ಅಡ್ಡಗೆರೆಯ ನಂತರ ಕೇಸಿನ ನಾಲ್ಕು ಅಕ್ಷರಗಳ ಸಂಕೇತ, ಬೇರೆಯಾಗಿ ಆರಂಕಿಯ ಸೀರಿಯಲ್ ಇರುತ್ತದೆ. ಸೀರಿಯಲ್‌ನ ಮೊದಲ ಅಂಕಿ ತಯಾರಾದ ವರ್ಷದ ಕೊನೆಯ ಅಂಕಿ, ಎರಡನೆಯದು ತಿಂಗಳು. ಅಕ್ಟೋಬರ್, ನವೆಂಬರ್, ಡಿಸೆಂಬರಿಗೆ ಓ, ಎನ್, ಡಿ. ಹೊಸ ವಾಚು ಎಂದು ಕೊಟ್ಟಿದ್ದರ ಸೀರಿಯಲ್ ಆ ಮಾದರಿ ಮಾರುಕಟ್ಟೆಯಲ್ಲಿದ್ದ ವರ್ಷಗಳಿಗೆ ಹೊಂದದಿದ್ದರೆ ಅನುಮಾನಿಸಿ. ಡಬ್ಬಿಯ ಚೀಟಿಯಲ್ಲಿ ಮಾದರಿ ಸಂಖ್ಯೆ ಜೆ1 ಎಂದು ಮುಗಿದರೆ ಡಯಲ್ ಮೇಲೆ ‘ಮೇಡ್ ಇನ್ ಜಪಾನ್’ ಇರುತ್ತದೆ, ಕೆ1 ಎಂದಿದ್ದರೆ ಇರುವುದಿಲ್ಲ. ಗಲ್ಫ್‌ನ ಅಂಗಡಿಗಳಲ್ಲಿ ಜೆಗೆ ಹೆಚ್ಚು ಬೆಲೆ. ಎರಡರೊಳಗೂ ಇರುವುದು ಅದೇ ಮಷೀನು, ಆ ಹೆಚ್ಚುವರಿ ಹಣ ಕೊಡಬೇಕಾಗಿಲ್ಲ ಎನ್ನುವುದು ನಮ್ಮ ಅಭಿಪ್ರಾಯ.

7ಎಸ್26ಕ್ಕೆ ಕೀ ಕೊಡಲು ಬರುವುದಿಲ್ಲ, ಗುಂಡಿ ಎಳೆದರೆ ಸೆಕೆಂಡಿನ ಮುಳ್ಳು ನಿಲ್ಲುವುದೂ ಇಲ್ಲ. ಅದು ದೋಷವಲ್ಲ. 2019ರಿಂದ ಬಂದ ಸೀಕೋ 5 ಸ್ಪೋರ್ಟ್ಸ್‌ನ 4ಆರ್36ರಲ್ಲಿ ಇವೆರಡೂ ಇವೆ.

ಜಪಾನಿನಿಂದ ತರಿಸಿದ ರೇಡಿಯೋ ನಿಯಂತ್ರಿತ ಕಾಸಿಯೋ ಬೆಂಗಳೂರಿನಲ್ಲಿ ತಾನಾಗಿ ಸಮಯ ಹೊಂದಿಸಿಕೊಳ್ಳುತ್ತಿಲ್ಲ. ಆಂಟೆನಾ ಕೆಟ್ಟಿದೆಯೇ? (ಓದುಗರು, ಬೆಂಗಳೂರು)

ಕೆಟ್ಟಿಲ್ಲ. ಇಲ್ಲಿಗೆ ಸಿಗ್ನಲ್ಲೇ ತಲುಪುವುದಿಲ್ಲ. ಈ ವಾಚುಗಳು ದೀರ್ಘತರಂಗದ ಸಮಯ ಸಂಕೇತವನ್ನು ನಂಬಿವೆ: ಜಪಾನಿನಲ್ಲಿ ಫುಕುಶಿಮಾದಿಂದ 40, ಕ್ಯೂಶೂ ಕಡೆಯಿಂದ 60 ಕಿಲೋಹರ್ಟ್ಜ್, ಅಮೆರಿಕದ ಕೊಲೊರಾಡೊ ಮತ್ತು ಬ್ರಿಟನ್ನಿನಿಂದ 60, ಫ್ರಾಂಕ್‌ಫರ್ಟ್ ಬಳಿಯಿಂದ 77.5, ಚೀನಾದಿಂದ 68.5. ‘ಮಲ್ಟಿಬ್ಯಾಂಡ್ 6’ ಎಂದರೆ ಈ ಆರು ಕೇಂದ್ರಗಳು. ಭಾರತದಲ್ಲಿ ಇಂಥ ಕೇಂದ್ರವಿಲ್ಲ. ಜಪಾನ್, ಜರ್ಮನಿಯಲ್ಲಿ ಜನ ಈ ಸೌಲಭ್ಯಕ್ಕೆ ಹೆಚ್ಚು ದುಡ್ಡು ಕೊಡುತ್ತಾರೆ, ಅಲ್ಲಿ ಅದು ಸಾರ್ಥಕ. ಇಲ್ಲಿ ನಿಮ್ಮದು ತಿಂಗಳಿಗೆ 15 ಸೆಕೆಂಡು ಹಿಂದುಮುಂದಾಗುವ ಮಾಮೂಲಿ ಕ್ವಾರ್ಟ್ಜ್.

ಊರಿನ ಸಂಕೇತ ಇರುವ ಮಾದರಿಯಾದರೆ ದೆಹಲಿಯನ್ನು (ಡಿಇಎಲ್) ಆರಿಸಿ, ಸಮಯ ಕೈಯಿಂದ ಇಡಿ. ಪೂರ್ತಿ ಕರಾರುವಾಕ್ಕು ಬೇಕಿದ್ದರೆ ಫೋನಿನಲ್ಲಿ ಜಪಾನ್ ಸಂಕೇತವನ್ನು ಅನುಕರಿಸುವ ಆಪ್‌ಗಳಿವೆ. ವಾಚಿನ ಊರನ್ನು ಟೋಕಿಯೋಗೆ ಬದಲಿಸಿ, ತಂತಿಯ ಇಯರ್‌ಫೋನನ್ನು ವಾಚಿಗೆ ತಾಗಿಸಿಟ್ಟು, ಶಬ್ದ ಪೂರ್ತಿ ಏರಿಸಿ, ಕೈಯಿಂದ ರಿಸೀವ್ ಕೊಡಿ. ಸಂಕೇತ ಹಿಡಿದ ಮೇಲೆ ಊರನ್ನು ಮತ್ತೆ ದೆಹಲಿಗೆ ತನ್ನಿ. ದೆಹಲಿಯಲ್ಲೇ ಇಟ್ಟುಕೊಂಡು ಪ್ರಯತ್ನಿಸಿದರೆ ಆಗುವುದಿಲ್ಲ, ಏಕೆಂದರೆ ಆ ಊರಿಗೆ ವಾಚು ಸಿಗ್ನಲ್ ಹುಡುಕುವುದೇ ಇಲ್ಲ. ಇನ್ನೂ ಕೊಳ್ಳದವರಿಗೆ: ಬ್ಲೂಟೂತ್ ಇಲ್ಲವೇ ಜಿಪಿಎಸ್ ಇರುವುದನ್ನು ಕೊಳ್ಳಿ, ಎರಡೂ ಇಲ್ಲಿ ಕೆಲಸ ಮಾಡುತ್ತವೆ.

ರಷ್ಯಾದ ವೋಸ್ತೋಕ್ ಆಂಫಿಬಿಯಾ ಕೊಂಡೆ. ಕೀ ಗುಂಡಿ ಬಿಚ್ಚಿದರೆ ಅಲುಗಾಡುತ್ತದೆ. ತಾರೀಖು ಬದಲಿಸುವ ದಾರಿಯೂ ಕಾಣುತ್ತಿಲ್ಲ. (ಓದುಗರು, ಹುಬ್ಬಳ್ಳಿ)

ಅಲುಗಾಡಬೇಕು! ಹೊರಗಿನ ಪೆಟ್ಟು ಮಷೀನಿನ ಕಡ್ಡಿಗೆ ತಾಗದಿರಲೆಂದು ಗುಂಡಿಯನ್ನು ಸಡಿಲವಾಗಿ ಜೋಡಿಸಿರುತ್ತಾರೆ. 1967ರಿಂದ ಟಾಟರ್‌ಸ್ತಾನದ ಚಿಸ್ಟೊಪೋಲ್‌ನಲ್ಲಿ ತಯಾರಾಗುತ್ತಿರುವ ಈ 200 ಮೀಟರ್ ವಾಚಿನ ಉಪಾಯವೆಲ್ಲ ಇಂಥವೇ: ನೀರಿನ ಒತ್ತಡ ಹೆಚ್ಚಿದಷ್ಟೂ ಅಕ್ರಿಲಿಕ್ ಗಾಜು ಇನ್ನಷ್ಟು ಬಿಗಿಯಾಗುತ್ತದೆ.

ಇದರ ಸ್ವಯಂಚಾಲಿತ 2416 ಮಷೀನಿನಲ್ಲಿ ತಾರೀಖಿಗೆ ಬೇರೆ ಮೆಟ್ಟಿಲಿಲ್ಲ. ಮುಳ್ಳುಗಳನ್ನು ನಡುರಾತ್ರಿ ದಾಟಿಸಿ, ತಾರೀಖು ಹಾರಿದೊಡನೆ ಹಿಂದಕ್ಕೆ ರಾತ್ರಿ ಎಂಟರವರೆಗೆ ತಂದು, ಮತ್ತೆ ಮುಂದಕ್ಕೆ ದಾಟಿಸಿ. ಸರಿಯಾದ ತಾರೀಖು ಬರುವವರೆಗೆ ಹೀಗೇ. ಗುಂಡಿಯನ್ನು ಮರಳಿ ತಿರುಪುವಾಗ ಮೊದಲು ಹಿಂದಕ್ಕೆ ಅರ್ಧ ಸುತ್ತು ತಿರುಗಿಸಿ, ತಿರುಪಿನ ಮರೆ (ಥ್ರೆಡ್) ಹಿಡಿದ ಮೇಲೆ ಬಿಗಿಮಾಡಿ. ಓರೆಯಾಗಿ ತಿರುಪಿದರೆ ಮರೆ ಸವೆದುಹೋಗುತ್ತದೆ.

ಲಂಡನ್‌ನಲ್ಲಿರುವ ಮಗಳಿಗೆ ಊರಿನ ಸಮಯವನ್ನೂ ತೋರಿಸುವ ಜಿಎಂಟಿ ವಾಚು ಕೊಡಿಸಬಹುದೇ? (ಓದುಗರು, ಶಿವಮೊಗ್ಗ)

ಕೊಡಿಸಬಹುದು, ಆದರೆ ನಮ್ಮ ಅರ್ಧ ಗಂಟೆ ಅಡ್ಡ ಬರುತ್ತದೆ. ಇನ್ನೊಂದು ಊರಿನ ಗಂಟೆ ತೋರಿಸುವ ನಾಲ್ಕನೇ ಮುಳ್ಳನ್ನು ಇಡೀ ಗಂಟೆಗಳಲ್ಲೇ ಹೊಂದಿಸಬೇಕು, ನಿಮಿಷದ ಮುಳ್ಳು ಒಂದೇ. 24 ಗಂಟೆಯ ಹೊರಬಳೆ 48 ಹಂತಗಳಲ್ಲಿ ತಿರುಗುವಂತಿದ್ದರೆ ಅರ್ಧ ಗಂಟೆ ಸರಿಸಿಡಬಹುದು. 24 ಹಂತದ್ದಾದರೆ ಆಗದು. ಚಳಿಗಾಲದಲ್ಲಂತೂ ದುಡ್ಡು ಖರ್ಚಿಲ್ಲದ ದಾರಿಯಿದೆ. ಆಗ ವ್ಯತ್ಯಾಸ ಐದೂವರೆ ಗಂಟೆ, ಹಾಗಾಗಿ ಯಾವುದೇ ಮುಳ್ಳಿನ ವಾಚನ್ನು ತಲೆಕೆಳಗು ಮಾಡಿ ಓದಿದರೆ ಭಾರತದ ಸಮಯ ಸಿಗುತ್ತದೆ. ಮಾರ್ಚ್ ಕೊನೆಗೆ ಅಲ್ಲಿ ಗಡಿಯಾರ ಮುಂದಿಟ್ಟ ಮೇಲೆ ವ್ಯತ್ಯಾಸ ನಾಲ್ಕೂವರೆಗೆ ಇಳಿಯುವುದರಿಂದ ಈ ಲೆಕ್ಕ ನಡೆಯುವುದಿಲ್ಲ.

ಹಳೆಯ ವೆಸ್ಟ್ ಎಂಡ್, ಫಾವ್ರ್-ಲೂಬಾ, ಎಚ್‌ಎಂಟಿಗಳು ಆನ್‌ಲೈನ್‌ನಲ್ಲಿ ಹೊಸದರಂತೆ ಹೊಳೆಯುತ್ತವೆ. ಕೊಳ್ಳಬಹುದೇ? (ಓದುಗರು, ತುಮಕೂರು)

ಹೊಳಪೇ ಎಚ್ಚರಿಕೆಯ ಗುರುತು. ಈ ಸ್ವಿಸ್ ಹೆಸರುಗಳು ಯುರೋಪಿಗಿಂತ ನಮ್ಮಲ್ಲೇ ಹೆಚ್ಚು ಓಡಿದವು, ಹಾಗಾಗಿ ಹಳೆಯ ಮಷೀನು ಇಲ್ಲಿ ರಾಶಿ ಬಿದ್ದಿದೆ. ಅವಕ್ಕೆ ಕಿತ್ತಳೆ, ಗಿಳಿಹಸಿರು ಡಯಲ್ ಹೊಸದಾಗಿ ಅಚ್ಚುಹಾಕಿ ಮಾರುತ್ತಾರೆ; ಸಂಗ್ರಹಕಾರರು ಇವನ್ನು ‘ಮುಂಬೈ ಸ್ಪೆಷಲ್’ ಎನ್ನುತ್ತಾರೆ.

ಹಿಂಬದಿ ತೆರೆದ ಫೋಟೋ ಕೇಳಿ, ಕೊಡದಿದ್ದರೆ ಬಿಡಿ. ಕೀ ಕೊಡುವ ಎಚ್‌ಎಂಟಿ ಜನತಾದೊಳಗೆ 17 ಕಲ್ಲುಗಳ (ಜ್ಯುವೆಲ್) ಎಚ್‌ಎಂಟಿ ಮಷೀನು ಇರಬೇಕು. ಡಯಲಿನಲ್ಲಿ ಅಕ್ಷರದ ಅಂಚು ಹರಡಿದೆಯೇ, ನಿಮಿಷದ ಗೆರೆಗಳು ಅಂಚಿಗೆ ಸಮನಾಗಿವೆಯೇ, ಡಯಲನ್ನು ಹಿಡಿದಿರುವುದು ಕಾಲುಗಳೋ ಅಂಟೋ, ಇವನ್ನು ಭೂತಗನ್ನಡಿಯಲ್ಲಿ ನೋಡಿ. ಅಂಟು ಬಿಟ್ಟರೆ ಡಯಲ್ ತಿರುಗಿ ಮುಳ್ಳಿಗೆ ತಾಗಿ ವಾಚು ನಿಲ್ಲುತ್ತದೆ. ಹಳದಿ ತಿರುಗಿದ, ಗೀರು ಬಿದ್ದ ಅಸಲಿ ಡಯಲ್ ಸಿಕ್ಕರೆ ಅದನ್ನೇ ಆರಿಸಿ, ರಿಪೇರಿಯವರು ‘ಪಾಲಿಶ್ ಮಾಡಿಕೊಡಲೇ’ ಎಂದರೆ ಬೇಡ ಎನ್ನಿ.